ವೇದನೆಯ ತೂಬುಗಳು

(ಶ್ರೀಮಠದ ಮಹೋತ್ಸವಾಂಗವಾಗಿ ನಡೆದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ವ್ಯಾಕರಣ ತರ್ಕಗಳನ್ನು ಬಿಟ್ಟು ಬೇರೊಂದು ಶಾಸ್ತ್ರವನ್ನು ಕ್ರಮವಾಗಿ ಓದದ ನನ್ನಂಥವನು ನೂತನ ವೈದ್ಯವಿಜ್ಞಾನದ ವಿಷಯವಾಗಿ ಮಾತನಾಡಲು ನಿಂತಿರುವುದನ್ನು ಕಂಡು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ನನಗೂ ಸಂಕೋಚವಿಲ್ಲದೆ ಇಲ್ಲ. ಆದರೆ ಈ ವಿಷಯವನ್ನು ನಾನಾಗಿ ಆರಿಸಿಕೊಂಡುದಲ್ಲ; ಅದೇ ನನ್ನನ್ನು ಹಿಡಿಯಿತೆಂದರೂ ಸಲ್ಲುವುದು. ಅದು ಹೇಗೆಂಬುದನ್ನು ಮೊದಲು ಅರಿಕೆಮಾಡಿಕೊಳ್ಳುವೆನು.

ಇಂದಿಗೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನನಗೆ ತರ್ಕಸಂಗ್ರಹದಿಂದ ಮೊದಲುಮಾಡಿ ಮುಕ್ತಾವಳಿಯವರೆಗೆ ಪಾಠ ಹೇಳಿದ ಗುರುಗಳಿಗೆ ಮುಪ್ಪಿನಲ್ಲಿ ಸರ್ಪಸುತ್ತು ಕಾಣಿಸಿಕೊಂಡಿತು. ಗುಳ್ಳೆಗಳು ಕೆಲವು ವಾರಗಳಲ್ಲಿ ಒಣಗಿ ಉದುರಿದವು. ನೋವು ಮಾತ್ರ ಹೋಗಲಿಲ್ಲ. ಎಡಪಕ್ಕೆಗೆ ಹೊದೆದ ಶಲ್ಯದ ಅಂಚು ಸೋಕಿದರೂ ಕೆಂಡವಿಟ್ಟಂತಾಗುತ್ತಿತ್ತು. ವೈದ್ಯರು ಗ್ಯಾಬಪೆಂಟಿನ್ ಎಂಬ ಗುಳಿಗೆಯನ್ನು ಕೊಟ್ಟರು. ಅದರಿಂದ ನೋವು ಅರ್ಧಮಟ್ಟಿಗೆ ಇಳಿಯಿತು. ಆದರೆ ಮಂಪರು ಕವಿದು ಪಂಕ್ತಿಗಳು ನೆನಪಿಗೆ ಬಾರದಾದವು. ಆದುದರಿಂದ ಅವರು ರಾತ್ರಿ ಮಾತ್ರ ಗುಳಿಗೆಯನ್ನು ತೆಗೆದುಕೊಂಡು, ಬೆಳಗಿನದನ್ನು ಬಿಟ್ಟು, ಹಲ್ಲು ಕಚ್ಚಿಕೊಂಡು ಪಾಠ ಹೇಳುತ್ತಿದ್ದರು. ಒಂದು ದಿನ ಪಾಠದ ನಡುವೆ ಪುಸ್ತಕವನ್ನು ಮಡಿಚಿ ನನ್ನನ್ನು ಕೇಳಿದರು: "ಮುಳ್ಳು ತುಳಿದ ನೋವು ಮುಳ್ಳಿದೆಯೆಂದು ತಿಳಿಸುತ್ತದೆ. ಇದು ಏನನ್ನು ತಿಳಿಸುತ್ತದಪ್ಪಾ? ವಿಷಯವೇ ಇಲ್ಲದ ಜ್ಞಾನವುಂಟೇನು?" ನಾನು ಉತ್ತರ ಹೇಳಲಾರದೆ ತಲೆ ತಗ್ಗಿಸಿದೆನು. ಮೂರು ವರ್ಷಗಳ ತರುವಾಯ ಅವರು ಲಿಂಗೈಕ್ಯರಾದರು. ಅಲ್ಲಿಯವರೆಗೂ ಆ ನೋವು ಅವರನ್ನು ಬಿಡಲಿಲ್ಲ. ಅಂದಿನಿಂದ ಈ ವಿಷಯದಲ್ಲಿ ದೊರೆತುದನ್ನು ಓದುತ್ತ, ತಿಳಿಯದುದನ್ನು ಬಲ್ಲ ವೈದ್ಯಮಿತ್ರರಿಂದ ಕೇಳಿ ತಿಳಿಯುತ್ತ ಬಂದಿರುವೆನು.

ಗುರುಗಳ ಪ್ರಶ್ನೆಯು ಸಾಮಾನ್ಯವಾದುದಲ್ಲ. ವೇದನೆಯೆಂಬ ಶಬ್ದವು ಅರಿವೆಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದುದೆಂಬುದು ಪಾಠಶಾಲೆಯ ಬಾಲಕನಿಗೂ ಗೊತ್ತು. ನೋವು ಒಂದು ಬಗೆಯ ಅರಿವು. ದೇಹವೆಂಬ ಊರಿಗೆ ಅದು ಕಾವಲುಗಾರನ ಕೂಗು. ಕಳ್ಳನು ಬಂದಾಗ ಕೂಗಿದ ಕಾವಲುಗಾರನಿಗೆ ನಾವು ಋಣಿಗಳಾಗಿರಬೇಕು. ಆದರೆ ಕಳ್ಳನು ಓಡಿಹೋಗಿ ವರ್ಷಗಳಾದ ಮೇಲೆಯೂ ಹಗಲಿರುಳು ಕೂಗುತ್ತಿರುವ ಕಾವಲುಗಾರನನ್ನು ಏನುಮಾಡಬೇಕು? ಅವನನ್ನು ಕೊಂದರೆ ಊರಿಗೆ ಕಾವಲಿಲ್ಲ. ಬಿಟ್ಟರೆ ಊರಿಗೆ ನಿದ್ರೆಯಿಲ್ಲ. ಲೋಕದ ಹಲವು ಪ್ರಯೋಗಶಾಲೆಗಳಲ್ಲಿ ಈ ಉಭಯಸಂಕಟವನ್ನು ಪರಿಹರಿಸುವ ಪ್ರಯತ್ನವು ಬಹುಕಾಲದಿಂದ ನಡೆದಿದೆ. ಅದನ್ನೇ ಇಂದು ತಮ್ಮ ಮುಂದೆ ಯಥಾಮತಿ ನಿವೇದಿಸುವೆನು.

ಮೊದಲು ನೋವಿನ ಸುದ್ದಿಯು ಸಾಗುವ ದಾರಿಯನ್ನು ನೋಡೋಣ. ಕಾಲಿನ ಬೆರಳಿಗೆ ಕಿಡಿ ತಾಗಿತೆನ್ನಿರಿ. ಆ ಬೆರಳಿನ ಚರ್ಮದಿಂದ ಹೊರಟ ನರತಂತುವೊಂದು ಸುಮಾರು ಒಂದು ಮೀಟರು ಉದ್ದ ಬೆಳೆದು ಬೆನ್ನುಹುರಿಯನ್ನು ಸೇರುವುದು. ಈ ತಂತುವಿಗೆ ಅತ್ಯಂತ ತೆಳುವಾದ ಪೊರೆಯುಂಟು. ನೀರಿನಲ್ಲಿ ಕರಗಿದ ಉಪ್ಪು ವಿದ್ಯುದಂಶವುಳ್ಳ ಕಣಗಳಾಗಿ ಬೇರ್ಪಡುವುದು; ಇಂಥ ಕಣಗಳಿಗೆ ಅಯಾನುಗಳೆಂದು ಹೆಸರು. ಪೊರೆಯ ಹೊರಗೆ ಸೋಡಿಯಂ ಅಯಾನುಗಳು ಒಳಗಿರುವುದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಾಗಿರುವವು. ಒಳಭಾಗವು ಹೊರಗಿಗಿಂತ ಸುಮಾರು ೭೦ ಮಿಲಿವೋಲ್ಟುಗಳಷ್ಟು ಋಣವಿದ್ಯುತ್ತುಳ್ಳದ್ದಾಗಿರುವುದು. ತುಂಬಿದ ಕೆರೆಯ ನೀರು ಏರಿಯನ್ನು ಒತ್ತುತ್ತಿರುವಂತೆ ಈ ಕಣಗಳು ಒಳನುಗ್ಗಲು ಕಾದಿರುವವು. ಪೊರೆಯೆಂಬ ಏರಿಯಲ್ಲಿ ಪ್ರೋಟೀನಿನಿಂದಾದ ಅಸಂಖ್ಯಾತವಾದ ಸಣ್ಣ ತೂಬುಗಳುಂಟು. ವಿಜ್ಞಾನಿಗಳು ಅಯಾನ್ ಚಾನೆಲ್ ಎಂದು ಕರೆಯುವ ಇವನ್ನು ನಾನು ನಮ್ಮ ಹಳ್ಳಿಯ ಮಾತಿನಲ್ಲಿ ತೂಬುಗಳೆಂದೇ ಕರೆಯುವೆನು.

ಈ ತೂಬಿಗೆ ನೀರುಗಂಟಿಯಿಲ್ಲ. ವಿದ್ಯುತ್ತಿನ ವ್ಯತ್ಯಾಸವನ್ನು ತಾನೇ ಅರಿತು ತೆರೆದುಕೊಳ್ಳುವುದು, ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಕಾಲದಲ್ಲಿ ತಾನೇ ಮುಚ್ಚಿಕೊಳ್ಳುವುದು. ಒಂದು ತೆರೆದೊಡನೆ ಒಳನುಗ್ಗಿದ ಕಣಗಳು ನೆರೆಯ ತೂಬನ್ನು ತೆರೆಯಿಸುವವು, ಅದು ಮುಂದಿನದನ್ನು. ಹೀಗೆ ಸುದ್ದಿಯು ಬೆರಳಿನಿಂದ ಬೆನ್ನಿಗೆ, ಬೆನ್ನಿನಿಂದ ಮಿದುಳಿಗೆ ಮುಟ್ಟುವುದು. ತಂತುಗಳಲ್ಲಿ ಶೀಘ್ರವಾಗಿ ಸುದ್ದಿ ಒಯ್ಯುವವೂ, ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಮೆಲ್ಲನೆ ಒಯ್ಯುವವೂ ಉಂಟು. ಬೆಂಕಿ ತಾಗಿದಾಗ ಮೊದಲು ಚುರುಕ್ಕೆಂದು, ಅನಂತರ ಉರಿಯು ಹಬ್ಬುವುದು ಈ ಎರಡು ದಾರಿಗಳ ದೆಸೆಯಿಂದಲೇ.

ಈ ರಹಸ್ಯವು ಮನುಷ್ಯನ ನರದಲ್ಲಿ ಮೊದಲು ಬಯಲಾದುದಲ್ಲ, ಕಡಲಿನ ಪ್ರಾಣಿಯೊಂದರಲ್ಲಿ. ಸ್ಕ್ವಿಡ್ ಎಂಬ ಕಡಲಜೀವಿಗೆ ಒಂದು ಮಿಲಿಮೀಟರಿನಷ್ಟು ದಪ್ಪವಾಗಬಲ್ಲ ನರತಂತುವುಂಟು. ಇಂಗ್ಲೆಂಡಿನ ಪ್ಲಿಮತ್ ಎಂಬ ಕಡಲತಡಿಯ ಊರಿನಲ್ಲಿ ಅಲನ್ ಹಾಡ್ಜ್‌ಕಿನ್, ಆಂಡ್ರೂ ಹಕ್ಸ್‌ಲಿ ಎಂಬಿಬ್ಬರು ೧೯೩೯ರಲ್ಲಿ ಅದರೊಳಗೆ ವಿದ್ಯುದ್ವಾಹಕವನ್ನಿಟ್ಟು ಪರೀಕ್ಷಿಸಲು ತೊಡಗಿದರು. ಮಹಾಯುದ್ಧದಿಂದ ನಿಂತ ಕೆಲಸವನ್ನು ಆಮೇಲೆ ಮುಂದುವರಿಸಿ, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಗಣಿತವನ್ನು ಮಾಡಿ, ೧೯೫೨ರಲ್ಲಿ ತಮ್ಮ ಸಿದ್ಧಾಂತವನ್ನು ಪ್ರಕಟಿಸಿದರು. ೧೯೬೩ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ತೂಬು ಇರಲೇಬೇಕೆಂಬುದು ಆಗ ಅನುಮಾನಪ್ರಮಾಣದಿಂದ ಸಿದ್ಧವಾಯಿತು. ಪ್ರತ್ಯಕ್ಷವಾದುದು ೧೯೭೬ರಲ್ಲಿ. ಜರ್ಮನಿಯ ಎರ್ವಿನ್ ನೇಹರ್, ಬರ್ಟ್ ಸಾಕ್ಮನ್ ಎಂಬವರು ಅತಿ ಸೂಕ್ಷ್ಮವಾದ ಗಾಜಿನ ಕೊಳವೆಯ ಬಾಯನ್ನು ಪೊರೆಗೆ ಒತ್ತಿ, ಒಂದೇ ಒಂದು ತೂಬು ತೆರೆದು ಮುಚ್ಚುವಾಗ ಹರಿಯುವ ವಿದ್ಯುತ್ತನ್ನು ಅಳೆದರು. ಇವರಿಗೂ ೧೯೯೧ರಲ್ಲಿ ಅದೇ ಪಾರಿತೋಷಕವು ದೊರೆಯಿತು.

ಇನ್ನು ಮದ್ದಿನ ವಿಚಾರ. ತರ್ಕಶಾಸ್ತ್ರದಲ್ಲಿ ಪ್ರತಿಬಂಧಕವೆಂಬ ಪದಾರ್ಥದ ಚರ್ಚೆಯುಂಟು. ಒಂದು ಮಣಿಯನ್ನು ಬಳಿಯಲ್ಲಿಟ್ಟರೆ ಬೆಂಕಿಯು ಬೆಂಕಿಯಾಗಿಯೇ ಇದ್ದರೂ ಸುಡುವುದಿಲ್ಲವೆಂಬುದು ಅಲ್ಲಿಯ ಉದಾಹರಣೆ. ಮಣಿಯು ಬೆಂಕಿಯನ್ನು ನಂದಿಸುವುದಿಲ್ಲ, ಅದರ ಕಾರ್ಯವನ್ನು ತಡೆಯುವುದು. ಮಣಿಯನ್ನು ತೆಗೆದರೆ ಬೆಂಕಿಯು ಎಂದಿನಂತೆ ಸುಡುವುದು. ತೂಬುಗಳನ್ನು ತಡೆಯುವ ಔಷಧಗಳಿಗೆ ಇದಕ್ಕಿಂತ ತಕ್ಕ ಹೆಸರು ದೊರೆಯದು. ಇಂಥ ಪ್ರತಿಬಂಧಕವೊಂದನ್ನು, ಅದು ತೂಬಿನ ಪ್ರತಿಬಂಧಕವೆಂದು ತಿಳಿಯುವ ಎಷ್ಟೋ ಮೊದಲೇ ಜನರು ಬಳಸಿದ್ದರು. ೧೮೮೪ರಲ್ಲಿ ವಿಯೆನ್ನಾ ನಗರದ ಕಾರ್ಲ್ ಕೋಲರ್ ಎಂಬ ತರುಣ ವೈದ್ಯನು ಕೊಕೇನಿನ ದ್ರವವನ್ನು ತನ್ನ ಕಣ್ಣಿಗೇ ಬಿಟ್ಟುಕೊಂಡು ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡಿದನು, ಸ್ಪರ್ಶವು ತಿಳಿಯಲಿಲ್ಲ. ಕಣ್ಣಿನ ಶಸ್ತ್ರಚಿಕಿತ್ಸೆಗೆ ಅಂದಿನಿಂದ ಹೊಸ ಯುಗವು ಬಂದಿತು. ಕೊಕೇನಿನ ವ್ಯಸನದೋಷವಿಲ್ಲದ ದ್ರವ್ಯಗಳನ್ನು ಅರಸುತ್ತ, ಸ್ವೀಡನ್ ದೇಶದ ನಿಲ್ಸ್ ಲೋಫ್‌ಗ್ರೆನ್ ೧೯೪೩ರಲ್ಲಿ ಲಿಡೋಕೇನನ್ನು ಸಿದ್ಧಪಡಿಸಿದನು. ಹಲ್ಲು ಕೀಳುವಾಗ ವೈದ್ಯರು ಒಸಡಿಗೆ ಚುಚ್ಚುವುದು ಸಾಮಾನ್ಯವಾಗಿ ಇದನ್ನೇ.

ಹಾಗಿದ್ದರೆ ಲಿಡೋಕೇನನ್ನು ಮೈಗೆಲ್ಲ ಕೊಟ್ಟು ನೋವನ್ನೆಲ್ಲ ಕಳೆಯಬಾರದೇಕೆಂದು ತಾವು ಕೇಳಬಹುದು. ತೊಡಕಿರುವುದು ಇಲ್ಲಿಯೇ. ಮನುಷ್ಯನ ದೇಹದಲ್ಲಿ ವಿದ್ಯುತ್ತಿನಿಂದ ತೆರೆಯುವ ಸೋಡಿಯಂ ತೂಬುಗಳು ಒಂಬತ್ತು ಬಗೆ. ಇವಕ್ಕೆ ಎನ್‌ಎವಿ ೧.೧ ಎಂಬುದರಿಂದ ೧.೯ ಎಂಬುದರವರೆಗೆ ಹೆಸರುಗಳನ್ನಿಟ್ಟಿರುವರು. ನಾವು ಸುಲಭಕ್ಕಾಗಿ ಮೊದಲನೆಯದು, ಎರಡನೆಯದು ಎಂದೇ ಕರೆಯೋಣ. ನಾಲ್ಕನೆಯದು ಕೈಕಾಲುಗಳನ್ನು ಆಡಿಸುವ ಮಾಂಸಖಂಡಗಳಲ್ಲಿರುವುದು, ಐದನೆಯದು ಹೃದಯದಲ್ಲಿ, ಒಂದು, ಎರಡು, ಆರು ಇವು ಮುಖ್ಯವಾಗಿ ಮಿದುಳು ಮೊದಲಾದೆಡೆಗಳಲ್ಲಿ. ಏಳು, ಎಂಟು, ಒಂಬತ್ತು ಎಂಬ ಮೂರು ಮಾತ್ರ ನೋವನ್ನು ಒಯ್ಯುವ ಹೊರನರಗಳಲ್ಲಿ ವಿಶೇಷವಾಗಿರುವವು. ಲಿಡೋಕೇನಿಗೆ ಈ ವಿವೇಚನೆಯಿಲ್ಲ. ಅದು ಕಂಡ ತೂಬನ್ನೆಲ್ಲ ಮುಚ್ಚುವುದು. ಒಸಡಿನಲ್ಲಿ ನಿಂತರೆ ಉಪಕಾರಿ. ಮಿತಿಮೀರಿ ರಕ್ತಕ್ಕಿಳಿದರೆ ಮಿದುಳಿಗೂ ಹೃದಯಕ್ಕೂ ಅಪಾಯಕಾರಿ.

ಅಫೀಮಿನಿಂದ ಬಂದ ಮಾರ್ಫಿನ್ ಮೊದಲಾದವುಗಳ ದಾರಿ ಬೇರೆ. ಅವು ಮುಖ್ಯವಾಗಿ ಬೆನ್ನುಹುರಿಯಲ್ಲಿಯೂ ಮಿದುಳಿನಲ್ಲಿಯೂ ಕೆಲಸಮಾಡುವವು. ಅರ್ಬುದರೋಗದ ಕಡೆಯ ದಿನಗಳಲ್ಲಿ ಅವುಗಳಷ್ಟು ಕರುಣೆಯುಳ್ಳ ಔಷಧವು ಬೇರಿಲ್ಲ. ಆದರೆ ಮಾತ್ರೆ ಮೀರಿದರೆ ಉಸಿರು ನಿಲ್ಲುವುದು; ಬಹುದಿನ ಬಳಸಿದರೆ ದೇಹವು ಅವಕ್ಕೆ ಒಗ್ಗಿ ಹೆಚ್ಚುಹೆಚ್ಚನ್ನು ಬೇಡುವುದು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೨೦೨೨ನೆಯ ಒಂದೇ ವರ್ಷದಲ್ಲಿ ಈ ಜಾತಿಯ ದ್ರವ್ಯಗಳ ಅತಿಸೇವನೆಯಿಂದ ೮೦,೦೦೦ಕ್ಕೂ ಮಿಗಿಲಾದ ಜನರು ಮಡಿದರು. ಅವರಲ್ಲಿ ಬಹುಪಾಲು ಕಳ್ಳಮಾರಾಟದ ಫೆಂಟನಿಲ್‌ಗೆ ಬಲಿಯಾದವರು. ಆದರೆ ಆ ದೇಶದಲ್ಲಿ ಈ ಅನರ್ಥವು ಮೊದಲಾದುದು ವೈದ್ಯರ ಚೀಟಿಯಿಂದಲೇ. ಆದುದರಿಂದ ಮಿದುಳನ್ನು ಮುಟ್ಟದೆ, ಹೃದಯವನ್ನು ಕೆಣಕದೆ, ನೋವಿನ ತೂಬನ್ನು ಮಾತ್ರ ತಡೆಯುವ ಪ್ರತಿಬಂಧಕವು ಬೇಕೆಂಬ ಹಂಬಲವು ಬಲವಾಯಿತು.

ಯಾವ ತೂಬು? ಇದನ್ನು ನಿಶ್ಚಯಿಸಿದ ಬಗೆಯನ್ನು ಓದಿದಾಗ ನನಗೆ ನಮ್ಮ ಪಾಠಶಾಲೆಯ ಹಲಗೆಯೇ ಕಣ್ಣಿಗೆ ಕಟ್ಟಿದಂತಾಯಿತು. ಕಾರಣವನ್ನು ನಿರ್ಣಯಿಸಲು ನಾವು ಅನ್ವಯ ವ್ಯತಿರೇಕಗಳನ್ನು ನೋಡುವೆವು. ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು: ಎರಡೂ ಸಿದ್ಧವಾದರೆ ಕಾರಣತ್ವವು ಸಿದ್ಧ.

ಅನ್ವಯವು ೨೦೦೪ರಲ್ಲಿ ದೊರೆಯಿತು. ಸ್ವಲ್ಪ ಸೆಕೆಯಾದರೂ, ನಾಲ್ಕು ಹೆಜ್ಜೆ ನಡೆದರೂ ಅಂಗೈ ಅಂಗಾಲುಗಳು ಕೆಂಪೇರಿ ಬೆಂಕಿಯಲ್ಲಿಟ್ಟಂತೆ ಉರಿಯುವ ಒಂದು ವಂಶಪಾರಂಪರ್ಯ ರೋಗವುಂಟು. ಎರಿತ್ರೊಮೆಲಾಲ್ಜಿಯ ಎಂಬ ಹೆಸರಿನ ಈ ರೋಗವುಳ್ಳವರಲ್ಲಿ ಏಳನೆಯ ತೂಬನ್ನು ಕಟ್ಟುವ ಜೀನಿನಲ್ಲಿ ದೋಷವಿರುವುದನ್ನು ಚೀನಾ ದೇಶದ ವಿಜ್ಞಾನಿಗಳು ಕಂಡುಹಿಡಿದರು. ಆ ತೂಬು ಅಲ್ಪ ಕಾರಣಕ್ಕೂ ತೆರೆದುಕೊಳ್ಳುವುದೆಂದೂ, ತೆರೆದರೆ ಬೇಗನೆ ಮುಚ್ಚಿಕೊಳ್ಳದೆಂದೂ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಟೀಫನ್ ವ್ಯಾಕ್ಸ್‌ಮನ್ ಮತ್ತು ಸಹಚರರು ತೋರಿಸಿದರು.

ವ್ಯತಿರೇಕವು ೨೦೦೬ರಲ್ಲಿ ದೊರೆಯಿತು. ಅದರ ಕಥೆಯು ಮನಸ್ಸನ್ನು ಕಲಕುವಂಥದು. ಉತ್ತರ ಪಾಕಿಸ್ತಾನದಲ್ಲಿ ಒಬ್ಬ ಬಾಲಕನು ಬೀದಿಯಲ್ಲಿ ಆಟವಾಡಿ ತೋರಿಸುತ್ತಿದ್ದನು. ತೋಳಿನಲ್ಲಿ ಚೂರಿಯನ್ನು ತೂರಿಸಿಕೊಳ್ಳುವನು. ನಿಗಿನಿಗಿ ಕೆಂಡದ ಮೇಲೆ ನಡೆಯುವನು. ಅವನಿಗೆ ನೋವೆಂಬುದೇ ತಿಳಿಯದು. ಕೇಂಬ್ರಿಜಿನ ಜೆಫ್ರಿ ವುಡ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಅವನನ್ನು ಪರೀಕ್ಷಿಸಬೇಕೆನ್ನುವಷ್ಟರಲ್ಲಿ, ಹದಿನಾಲ್ಕರ ವಯಸ್ಸಿಗೆ, ಅವನು ಮನೆಯ ಮಾಳಿಗೆಯಿಂದ ಹಾರಿ ಸತ್ತನು. ಅದೇ ಪ್ರಾಂತದ ಮೂರು ಕುಟುಂಬಗಳ ಆರು ಮಕ್ಕಳಲ್ಲಿ ಇದೇ ಸ್ಥಿತಿಯು ಕಂಡುಬಂದಿತು. ಅವರಿಗೆ ಸ್ಪರ್ಶ ತಿಳಿಯುವುದು, ಬಿಸಿ ತಣ್ಣಗೆಗಳ ಭೇದ ತಿಳಿಯುವುದು. ನೋವು ಮಾತ್ರ ತಿಳಿಯದು. ನಾಲಗೆ ತುಟಿಗಳನ್ನು ತಾವೇ ಕಚ್ಚಿಕೊಂಡಿದ್ದರು. ಮುರಿದ ಎಲುಬು ಯಾರ ಅರಿವಿಗೂ ಬಾರದೆ ತಾನಾಗಿ ಕೂಡಿಕೊಂಡಿತ್ತು. ಈ ಮಕ್ಕಳಲ್ಲಿ ಏಳನೆಯ ತೂಬು ಕೆಲಸವನ್ನೇ ಮಾಡುತ್ತಿರಲಿಲ್ಲ. ಇಂಥವರಿಗೆ ಹೂವಿನ ವಾಸನೆಯೂ ತಿಳಿಯದೆಂದು ೨೦೧೧ರಲ್ಲಿ ಗೊತ್ತಾಯಿತು. ಮೂಗಿನ ನರಗಳಿಗೂ ಅದೇ ತೂಬು ಬೇಕು. ನೋವನ್ನು ತರುವ ಬಾಗಿಲೇ ಸುಗಂಧವನ್ನೂ ತರುವುದು! ನೋವಿಲ್ಲದ ಬಾಳನ್ನು ವರವೆಂದು ಬೇಡುವವರು ಈ ಮಕ್ಕಳನ್ನು ಒಮ್ಮೆ ನೆನೆಯಬೇಕು.

ಅನ್ವಯವೂ ಆಯಿತು, ವ್ಯತಿರೇಕವೂ ಆಯಿತು. ಇನ್ನೇನು ಬೇಕು? ದೊಡ್ಡದೊಡ್ಡ ಔಷಧ ಸಂಸ್ಥೆಗಳು ಏಳನೆಯ ತೂಬಿಗೆ ಪ್ರತಿಬಂಧಕಗಳನ್ನು ನಿರ್ಮಿಸಲು ಅಪಾರ ದ್ರವ್ಯವನ್ನು ವೆಚ್ಚಮಾಡಿದವು. ಫಲವು ನಿರಾಶಾದಾಯಕವಾಯಿತು. ಫೈಜರ್ ಸಂಸ್ಥೆಯ ಒಂದು ದ್ರವ್ಯವನ್ನು ಮಧುಮೇಹದಿಂದ ನರಗಳು ಕೆಟ್ಟು ಕಾಲುರಿಯಿಂದ ನರಳುವವರಿಗೆ ಕೊಟ್ಟು ನೋಡಿದಾಗ, ಅದರ ಪ್ರಯೋಜನವು ಬೆಲೆಯಿರುವಷ್ಟು ಕಾಣಲಿಲ್ಲ. ಬೇರೆ ಸಂಸ್ಥೆಗಳ ಪ್ರಯತ್ನಗಳಿಗೂ ಇದೇ ಗತಿಯಾಯಿತು.

ಅನ್ವಯ ವ್ಯತಿರೇಕಗಳೆರಡೂ ಇದ್ದು ಅನುಮಾನವು ಕೆಟ್ಟುದೇಕೆ? ತರ್ಕವನ್ನೋದಿದವರಿಗೆ ಇಲ್ಲಿ ಉಪಾಧಿಯ ನೆನಪಾಗದಿರದು. ಬೆಂಕಿಯಿರುವೆಡೆಯೆಲ್ಲ ಹೊಗೆಯಿರುವುದೆಂದು ಒಬ್ಬನು ಹೇಳಿದರೆ, ಕಾದ ಕಬ್ಬಿಣದಲ್ಲಿ ಹೊಗೆಯೆಲ್ಲಿ ಎಂದು ಕೇಳುವೆವು. ಹಸಿ ಸೌದೆಯೆಂಬ ಉಪಾಧಿಯನ್ನು ಅವನು ಗಮನಿಸಲಿಲ್ಲ. ಇಲ್ಲಿಯೂ ಹಾಗೆಯೇ. ಆ ಮಕ್ಕಳಿಗೆ ತೂಬು ಹುಟ್ಟಿನಿಂದಲೇ, ನರದ ಉದ್ದಕ್ಕೂ, ಸಂಪೂರ್ಣವಾಗಿ ಇರಲಿಲ್ಲ. ಗುಳಿಗೆಯಾದರೋ ಬೆಳೆದವನಲ್ಲಿ, ಕೆಲವು ಗಂಟೆಗಳ ಕಾಲ, ಎಲ್ಲೆಡೆಗೂ ಮುಟ್ಟದೆ, ಅರೆಬರೆಯಾಗಿ ತಡೆಯುವುದು. ಇನ್ನೊಂದು ಸಂಗತಿಯೂ ಉಂಟು. ಈ ತೂಬಿಲ್ಲದೆ ಹುಟ್ಟಿದವರ ನರಗಳಲ್ಲಿ ದೇಹವು ತಾನೇ ತಯಾರಿಸಿಕೊಳ್ಳುವ ಅಫೀಮಿನಂಥ ವಸ್ತುವು ಅಧಿಕವಾಗಿರುವುದೆಂದು ಲಂಡನ್ನಿನ ಜಾನ್ ವುಡ್ ಮತ್ತು ಸಹೋದ್ಯೋಗಿಗಳು ೨೦೧೫ರಲ್ಲಿ ಸೂಚಿಸಿದರು. ಅಂಥ ಒಬ್ಬ ಮಹಿಳೆಗೆ ಅಫೀಮನ್ನು ಮುರಿಯುವ ನಲೋಕ್ಸೋನ್ ಎಂಬ ಮದ್ದನ್ನು ಕೊಟ್ಟಾಗ ಆಕೆಗೆ ನೋವಿನ ಅನುಭವವು ಬಂದಿತು. ಹಾಗಾದರೆ ತೂಬೊಂದೇ ಕಾರಣವಲ್ಲ. ಜೊತೆಗೆ ಹಸಿ ಸೌದೆಯೂ ಇತ್ತು. ಈ ವಿಷಯದಲ್ಲಿ ಇನ್ನೂ ವಾದವಿವಾದಗಳುಂಟು.

ಬೇರೆ ತೂಬುಗಳಿಂದ ಕಲಿತ ಪಾಠಗಳೂ ಇದನ್ನೇ ಹೇಳುವವು. ಮೆಣಸಿನಕಾಯಿಯು ನಾಲಗೆಯನ್ನು ಉರಿಸುವುದೇಕೆಂಬುದನ್ನು ೧೯೯೭ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡೇವಿಡ್ ಜೂಲಿಯಸ್ ಕಂಡುಹಿಡಿದರು. ಮೆಣಸಿನಕಾಯಿಯ ಖಾರವು ತೆರೆಯುವ ತೂಬೂ, ೪೩ ಡಿಗ್ರಿ ಸೆಲ್ಸಿಯಸ್‌ಗೆ ಮಿಗಿಲಾದ ಶಾಖವು ತೆರೆಯುವ ತೂಬೂ ಒಂದೇ. ಆದುದರಿಂದಲೇ ಖಾರವು ಬೆಂಕಿಯಂತೆ ತೋರುವುದು. ಸ್ಪರ್ಶದ ತೂಬುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ನರೊಡನೆ ಜೂಲಿಯಸ್ಸರಿಗೆ ೨೦೨೧ರ ನೊಬೆಲ್ ಪಾರಿತೋಷಕವು ಸಂದಿತು. ಈ ಖಾರದ ತೂಬನ್ನು ತಡೆದರೆ ನೋವು ಶಮನವಾಗುವುದೆಂದು ಮದ್ದುಗಳನ್ನು ಮಾಡಿದರು. ಆದರೆ ಅವನ್ನು ಸೇವಿಸಿದವರಲ್ಲಿ ಕೆಲವರಿಗೆ ಮೈಯ ಶಾಖವು ೪೦ ಡಿಗ್ರಿಯ ಆಚೀಚೆಗೆ ಏರಿತು. ಬಿಸಿನೀರು ಸುಡುವಂತಿದ್ದರೂ ತಿಳಿಯದೆ ಹೋಗುವ ಭಯವು ಬಂದಿತು. ಆ ತೂಬು ನೋವಿನ ಕೆಲಸದೊಡನೆ ಮೈಯ ಶಾಖವನ್ನು ಹದದಲ್ಲಿಡುವ ಕೆಲಸದಲ್ಲಿಯೂ ಪಾಲುಗೊಳ್ಳುತ್ತಿತ್ತು.

ಕಡಲಿನ ಶಂಖದ ಹುಳುವೊಂದರ ಕಥೆಯು ಇನ್ನೂ ವಿಸ್ಮಯಕರವಾದುದು. ಕೋನಸ್ ಎಂಬ ಜಾತಿಯ ಈ ಹುಳು ವಿಷದ ಮುಳ್ಳಿನಿಂದ ಮೀನನ್ನು ಹೊಡೆದು ಮರಗಟ್ಟಿಸಿ ನುಂಗುವುದು. ಫಿಲಿಪ್ಪೀನ್ಸಿನಲ್ಲಿ ಹುಟ್ಟಿ ಅಮೆರಿಕದ ಯೂಟಾದಲ್ಲಿ ನೆಲೆಸಿದ ಬಾಲ್ಡೊಮೆರೊ ಒಲಿವೆರಾ ಎಂಬ ವಿಜ್ಞಾನಿಯೂ ಅವರ ವಿದ್ಯಾರ್ಥಿಗಳೂ ಆ ವಿಷವನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರು. ಅದರಲ್ಲಿ ದೊರೆತ ಒಂದು ದ್ರವ್ಯವು ನರದ ತುದಿಯಲ್ಲಿರುವ ಕ್ಯಾಲ್ಸಿಯಂ ತೂಬನ್ನು ತಡೆಯುವುದು. ಅದರ ಪಡಿಯಚ್ಚಾದ ಜಿಕೊನೊಟೈಡ್ ಎಂಬ ಔಷಧಕ್ಕೆ ೨೦೦೪ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮಾರ್ಫಿನ್ನಿಗೂ ಬಗ್ಗದ ನೋವನ್ನು ಅದು ತಗ್ಗಿಸಬಲ್ಲದು, ಚಟವನ್ನುಂಟುಮಾಡದು. ಆದರೆ ಅದನ್ನು ಬೆನ್ನುಹುರಿಯ ಸುತ್ತಣ ದ್ರವಕ್ಕೆ ಯಂತ್ರದ ಮೂಲಕ ಹನಿಹನಿಯಾಗಿ ಬಿಡಬೇಕು. ಕೆಲವರಲ್ಲಿ ಬುದ್ಧಿಭ್ರಮೆಯೂ ಉಂಟಾಗುವುದು. ಎಲ್ಲರಿಗೂ ಸಲ್ಲುವ ಮದ್ದು ಅದಲ್ಲ.

ಇಷ್ಟೆಲ್ಲ ಸೋಲು ಗೆಲುವುಗಳ ಮೇಲೆ ಎಂಟನೆಯ ತೂಬಿನ ಸರದಿ ಬಂದಿತು. ಇದರ ಜೀನನ್ನು ಲಂಡನ್ನಿನಲ್ಲಿ ಮೇಲೆ ಹೇಳಿದ ಜಾನ್ ವುಡ್ ಅವರ ತಂಡವು ೧೯೯೬ರಲ್ಲಿಯೇ ಗುರುತಿಸಿತ್ತು. ಪಫರ್ ಎಂಬ ಮೀನಿನ ವಿಷವು ಸೋಡಿಯಂ ತೂಬುಗಳಲ್ಲಿ ಹೆಚ್ಚಿನವನ್ನು ಅಲ್ಪ ಪ್ರಮಾಣದಲ್ಲಿಯೇ ಮುಚ್ಚಿಬಿಡುವುದು. ಈ ಎಂಟನೆಯದಾದರೋ ಅದಕ್ಕೆ ಜಗ್ಗದು. ಇದು ವಿಶೇಷವಾಗಿ ನೋವಿನ ನರಗಳಲ್ಲಿರುವುದು. ಮಿದುಳಿನಲ್ಲಿ ಇದರ ಕಾರ್ಯವು ಕಾಣದು. ಬಾಸ್ಟನ್ನಿನ ವರ್ಟೆಕ್ಸ್ ಎಂಬ ಸಂಸ್ಥೆಯವರು ಇದಕ್ಕೆ ತಕ್ಕ ಪ್ರತಿಬಂಧಕವನ್ನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹುಡುಕಿದರು. ಮನುಷ್ಯನ ಈ ತೂಬನ್ನು ಹೊತ್ತ ಜೀವಕೋಶಗಳನ್ನು ಸಣ್ಣ ಸಣ್ಣ ಗುಳಿಗಳಲ್ಲಿ ಬೆಳೆಸಿ, ವಿದ್ಯುತ್ತು ಬದಲಾದರೆ ಹೊಳಪು ಬದಲಾಗುವ ಬಣ್ಣವನ್ನು ಸೇರಿಸಿ, ಒಂದೊಂದು ಗುಳಿಗೂ ಒಂದೊಂದು ದ್ರವ್ಯವನ್ನು ಹಾಕಿ ನೋಡುವುದು. ಸ್ವಲ್ಪ ಗುಣ ಕಂಡ ದ್ರವ್ಯದ ರಚನೆಯನ್ನು ಅಷ್ಟಷ್ಟು ತಿದ್ದಿ ಮತ್ತೆ ನೋಡುವುದು: ಇದು ಈ ಹುಡುಕಾಟದ ಕ್ರಮ. ಧಾನ್ಯವನ್ನು ಮತ್ತೆ ಮತ್ತೆ ಕೇರುವ ತಾಳ್ಮೆಯು ಇದಕ್ಕೆ ಬೇಕು.

ಕೊನೆಗೆ ದೊರೆತ ಸುಜೆಟ್ರಿಜಿನ್ ಎಂಬ ದ್ರವ್ಯದಲ್ಲಿ ಒಂದು ಜಾಣತನವುಂಟು. ಲಿಡೋಕೇನು ಕಣಗಳು ಹರಿಯುವ ಕಂಡಿಗೇ ಹೋಗಿ ಕೂರುವುದು. ಕಂಡಿಯು ಒಂಬತ್ತು ತೂಬುಗಳಲ್ಲಿಯೂ ಬಹುಮಟ್ಟಿಗೆ ಒಂದೇ ರೂಪದ್ದಾದುದರಿಂದ ಅದು ಎಲ್ಲವನ್ನೂ ಮುಚ್ಚುವುದು. ಹೊಸ ದ್ರವ್ಯವು ಕಂಡಿಯ ಗೊಡವೆಗೆ ಹೋಗದೆ, ವಿದ್ಯುತ್ತನ್ನು ಅರಿತು ತೂಬನ್ನೆತ್ತುವ ಅಂಗವನ್ನು ಹಿಡಿದು ಅದು ಮುಚ್ಚಿದ ಸ್ಥಿತಿಯಲ್ಲಿಯೇ ನಿಲ್ಲುವಂತೆ ಮಾಡುವುದು. ಈ ಅಂಗವು ತೂಬಿನಿಂದ ತೂಬಿಗೆ ಬೇರೆಬೇರೆ. ಆದುದರಿಂದ ಉಳಿದ ಎಂಟು ತೂಬುಗಳಿಗಿಂತ ಇದೊಂದನ್ನು ಅದು ಮೂವತ್ತು ಸಾವಿರ ಪಟ್ಟಿಗೂ ಹೆಚ್ಚಾಗಿ ಆರಿಸಿ ಹಿಡಿಯುವುದು.

ಹೊಟ್ಟೆಯ ಮೇಲಣ ಚರ್ಮದ ಶಸ್ತ್ರಚಿಕಿತ್ಸೆಯಾದವರು ೧,೧೧೮ ಮಂದಿ, ಕಾಲ ಹೆಬ್ಬೆರಳಿನ ಎಲುಬಿನ ಶಸ್ತ್ರಚಿಕಿತ್ಸೆಯಾದವರು ೧,೦೭೩ ಮಂದಿ ಇದರ ಪರೀಕ್ಷೆಗೆ ಒಳಪಟ್ಟರು. ೪೮ ಗಂಟೆಗಳ ಕಾಲ ಅವರ ನೋವನ್ನು ಅವರಿಂದಲೇ ಕೇಳಿ ಗುರುತು ಹಾಕಲಾಯಿತು. ಮದ್ದಿಲ್ಲದ ಬರಿಯ ಗುಳಿಗೆಗಿಂತ ಇದು ನಿಶ್ಚಯವಾಗಿ ಮೇಲೆಂದು ತೋರಿತು; ಆದರೆ ಅಫೀಮುಜಾತಿಯ ಹೈಡ್ರೊಕೊಡೋನನ್ನು ಪ್ಯಾರಾಸಿಟಮಾಲಿನೊಡನೆ ಕೂಡಿಸಿ ಕೊಡುವ ಹಳೆಯ ಗುಳಿಗೆಯನ್ನು ಮೀರಲಿಲ್ಲ. ಶಸ್ತ್ರಚಿಕಿತ್ಸೆ, ಪೆಟ್ಟು ಮೊದಲಾದವುಗಳಿಂದಾಗುವ ತೀವ್ರವಾದ ಅಲ್ಪಕಾಲದ ನೋವಿಗೆ, ವಯಸ್ಕರಿಗೆ ಕೊಡಲು ೨೦೨೫ರ ಜನವರಿ ೩೦ರಂದು ಅಮೆರಿಕದ ಸರ್ಕಾರವು ಅನುಮತಿಯನ್ನಿತ್ತಿತು. ಆರಂಭದಲ್ಲಿ ಒಂದು ಗುಳಿಗೆಯ ಬೆಲೆಯನ್ನು ಹದಿನೈದೂವರೆ ಡಾಲರು, ಎಂದರೆ ನಮ್ಮ ಹಣದಲ್ಲಿ ೧,೩೦೦ ರೂಪಾಯಿಗಳ ಮೇಲೆ, ಎಂದು ಗೊತ್ತುಮಾಡಿದರು. ಬಡವನ ನೋವಿಗೆ ಈ ಬೆಲೆಯು ಎಟುಕುವಂಥದಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಗುರುಗಳನ್ನು ನೆನೆದೆನು. ಅವರದು ಶಸ್ತ್ರಚಿಕಿತ್ಸೆಯ ನೋವಲ್ಲ. ನರವೇ ಕೆಟ್ಟು ವರ್ಷಾನುಗಟ್ಟಲೆ ನಿಂತ ನೋವು. ಈ ಮದ್ದು ಅದಕ್ಕೆ ಸಲ್ಲುವುದೇ? ಬೆನ್ನಿನ ನರವೊತ್ತಿ ಕಾಲಿಗಿಳಿಯುವ ನೋವಿನವರಲ್ಲಿ ಇದನ್ನು ಪರೀಕ್ಷಿಸಿದ ಫಲವು ೨೦೨೪ರ ಡಿಸೆಂಬರಿನಲ್ಲಿ ಹೊರಬಿದ್ದಿತು. ಹತ್ತು ಅಂಕಗಳ ಅಳತೆಯಲ್ಲಿ ಮದ್ದು ಪಡೆದವರ ನೋವು ಸುಮಾರು ಎರಡು ಅಂಕ ಇಳಿಯಿತು. ಬರಿಯ ಗುಳಿಗೆಯನ್ನು ನುಂಗಿದವರದೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಅದೇ ಸಂಸ್ಥೆಯವರ, ಅದೇ ತೂಬಿನ ಇನ್ನೊಂದು ಪ್ರತಿಬಂಧಕವು ೨೦೨೫ರ ಆಗಸ್ಟಿನಲ್ಲಿ ಶಸ್ತ್ರಚಿಕಿತ್ಸೆಯ ನೋವಿನ ಪರೀಕ್ಷೆಯಲ್ಲಿಯೇ ಸೋತಿತು. ಆದುದರಿಂದ ಗುರುಗಳು ಇಂದು ಬದುಕಿದ್ದರೆ, ಈ ಹೊಸ ಗುಳಿಗೆಯನ್ನು ಅವರ ಮುಂದಿಟ್ಟು ಇದು 'ನಿಮಗಾಗಿ ಬಂದುದು' ಎಂದು ಹೇಳುವ ಧೈರ್ಯವು ನನಗೆ ಬಾರದು. ಸರ್ಪಸುತ್ತಿನ ಅನಂತರದ ನೋವಿಗೆ ಲಿಡೋಕೇನನ್ನು ಸವರಿದ ಪಟ್ಟಿಗೆ ಅಮೆರಿಕದಲ್ಲಿ ೧೯೯೯ರಲ್ಲಿ, ಮೆಣಸಿನಕಾಯಿಯ ಖಾರದ ಸತ್ತ್ವವನ್ನು ಸೇರಿಸಿದ ಪಟ್ಟಿಗೆ ೨೦೦೯ರಲ್ಲಿ ಅನುಮತಿಯಾಯಿತು. ಎರಡೂ ಚರ್ಮದ ಮೇಲೆಯೇ ಕೆಲಸಮಾಡುವುದರಿಂದ ಮಂಪರನ್ನು ತಾರವು. ಮೊದಲನೆಯದು ಅವರ ಕಾಲದಲ್ಲಿಯೇ ಲೋಕದಲ್ಲಿತ್ತು. ಅದನ್ನು ಕೇಳಿ ತರಿಸಬಹುದೆಂಬುದು ನಮಗಾರಿಗೂ ತಿಳಿಯದೆ ಹೋಯಿತು. ಈ ಅಜ್ಞಾನದ ಹೊಣೆಯು ಬಳಿಯಲ್ಲಿದ್ದ ಶಿಷ್ಯನಾದ ನನ್ನದು. ಇಂದು ಈ ವೇದಿಕೆಯ ಮೇಲೆ ನಿಲ್ಲಲು ಒಪ್ಪಿದುದಕ್ಕೆ ಮುಖ್ಯ ಕಾರಣವೂ ಅದೇ.

ಮಹಾಜನರೇ, ಈ ನೂರನಾಲ್ವತ್ತು ವರ್ಷಗಳ ಅನ್ವೇಷಣದಿಂದ ನನಗೆ ತೋರುವ ತಾತ್ಪರ್ಯವನ್ನು ಹೇಳಿ ಮುಗಿಸುವೆನು. ನೋವನ್ನೆಲ್ಲ ಅಳಿಸಿಬಿಡುವೆನೆಂದು ಹೊರಟ ಮದ್ದು ಒಂದೋ ಹೃದಯವನ್ನು ಹಿಡಿಯಿತು, ಇಲ್ಲವೆ ಉಸಿರನ್ನು ನಿಲ್ಲಿಸಿತು, ಇಲ್ಲವೆ ಬೆಂಕಿಯ ಅರಿವನ್ನು ಕೆಡಿಸಿತು. ಯಾವ ತೂಬು, ಎಷ್ಟು ಹೊತ್ತು, ಎಷ್ಟರಮಟ್ಟಿಗೆ ಎಂದು ವಿವೇಚಿಸಿ ಹೊರಟುದು ಮಾತ್ರ, ಅಲ್ಪವಾದರೂ ನಿಜವಾದ ಫಲವನ್ನು ಕೊಟ್ಟಿತು. ಗುರುಗಳ ಪ್ರಶ್ನೆಗೆ ಈಗ ನಾನು ಹೀಗೆ ಉತ್ತರವನ್ನು ಹೇಳುವೆನು: ಸ್ವಾಮಿ, ಆ ನೋವು ಪಕ್ಕೆಯ ವಿಷಯವನ್ನು ತಿಳಿಸುತ್ತಿರಲಿಲ್ಲ, ಸುದ್ದಿಯನ್ನು ತರುವ ನರವೇ ಕೆಟ್ಟಿದೆಯೆಂಬುದನ್ನು ತಿಳಿಸುತ್ತಿತ್ತು. ವಿಷಯವು ಇತ್ತು, ನಾವು ಅದನ್ನು ಬೇರೆಡೆಯಲ್ಲಿ ಹುಡುಕುತ್ತಿದ್ದೆವು.

ಮನೆಯಲ್ಲಿ ನೋವಿನಿಂದ ನರಳುವ ಹಿರಿಯರುಳ್ಳವರಿಗೆ ಎರಡು ಮಾತುಗಳನ್ನು ವಿಜ್ಞಾಪಿಸುವೆನು. ಹೊರಗೆ ಗಾಯವು ಕಾಣದೆಂಬ ಕಾರಣಕ್ಕೆ ಅವರ ನೋವನ್ನು ಸುಳ್ಳೆನ್ನಬೇಡಿರಿ. ಅಷ್ಟು ದೊಡ್ಡ ಪರೀಕ್ಷೆಗಳಲ್ಲಿಯೂ ನೋವನ್ನು ಅಳೆಯಲು ರೋಗಿಯ ಮಾತಲ್ಲದೆ ಬೇರೊಂದು ಅಳತೆಗೋಲು ಇರಲಿಲ್ಲವೆಂಬುದನ್ನು ನೆನಪಿಡಿರಿ. ಎರಡನೆಯದಾಗಿ, ಮದ್ದಿನಿಂದ ಮಂಪರು ಬಂದರೆ ಅದನ್ನು ತಾವಾಗಿ ಬಿಡದೆ, ಹೆಚ್ಚಿಸದೆ, ವೈದ್ಯರ ಬಳಿಗೆ ಮತ್ತೊಮ್ಮೆ ಹೋಗಿ ಬೇರೆ ದಾರಿಯುಂಟೇ ಎಂದು ಕೇಳಿರಿ. ಕೇಳಲು ನಾಚಬೇಡಿರಿ. ನಾನು ನಾಚಿದೆನು, ಅದರ ಫಲವನ್ನು ನನ್ನ ಗುರುಗಳು ಮೂರು ವರ್ಷ ಅನುಭವಿಸಿದರು.